ರಾಜಮಾರ್ಗದ ಗಂಟೆಗಳು ಯಾರ ನೆನಪು? ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಮಿಷನ್‌ಗಳ ಚರಿತ್ರೆ ಮತ್ತು ಇಂದಿನ ವಿವಾದ

2021ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ನಗರ ತನ್ನ ರಸ್ತೆಬದಿಯಲ್ಲಿ ಉಳಿದಿದ್ದ ಕೊನೆಯ ಮಿಷನ್ ಗಂಟೆಯನ್ನು ಕೆಳಗಿಳಿಸಿತು. ಅದಕ್ಕೆ ಎರಡು ವರ್ಷ ಮೊದಲೇ ಅಲ್ಲಿನ ವಿಶ್ವವಿದ್ಯಾಲಯ ತನ್ನ ಆವರಣದಲ್ಲಿದ್ದ ಇಂಥದೇ ಗಂಟೆಯನ್ನು ತೆಗೆದುಹಾಕಿತ್ತು. ಈ ಗಂಟೆಗಳನ್ನು ತೆಗೆಯಬೇಕೆಂದು ಒತ್ತಾಯಿಸುತ್ತ ಬಂದವರು ಅಮಾ ಮುತ್ಸುನ್ ಬುಡಕಟ್ಟಿನವರು. ಸಾಂತಾ ಕ್ರೂಜ್ ಮತ್ತು ಸಾನ್ ಹುವಾನ್ ಬಾಟಿಸ್ಟಾ ಮಿಷನ್‌ಗಳಿಗೆ ಒಯ್ಯಲ್ಪಟ್ಟ ಮೂಲನಿವಾಸಿಗಳ ವಂಶಸ್ಥರು ಇವರು. ಮಿಷನ್ ಎಂದರೆ ಸ್ಪೇನಿನ ಕ್ಯಾಥೋಲಿಕ್ ಪಾದ್ರಿಗಳು ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿಸಿ ದುಡಿಸಿಕೊಳ್ಳಲು ಕಟ್ಟಿದ ನೆಲೆ. ತಮ್ಮ ಹಿರಿಯರ ಸೆರೆಯ ಗುರುತನ್ನು ಊರಿನ ಅಲಂಕಾರವಾಗಿ ನಿಲ್ಲಿಸಿದ್ದಾರೆಂಬುದು ಅವರ ದೂರು. ಚರಿತ್ರೆಯನ್ನೇ ಅಳಿಸಿಹಾಕಲಾಗುತ್ತಿದೆ ಎಂಬುದು ಎದುರು ಬಣದ ಆಕ್ಷೇಪ. ಈ ವಾಗ್ವಾದದಲ್ಲಿ ಎರಡೂ ಕಡೆಯವರು ಗಂಟೆಯನ್ನು ಹದಿನೆಂಟನೆಯ ಶತಮಾನದ ಪ್ರತಿನಿಧಿ ಎಂದೇ ಭಾವಿಸಿ ಮಾತನಾಡುವುದುಂಟು. ಆದರೆ ಗಂಟೆಯನ್ನು ಹತ್ತಿರದಿಂದ ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಸುಮಾರು 11 ಅಡಿ ಎತ್ತರದ ಕಬ್ಬಿಣದ ಕಂಬ, ಪಾದ್ರಿಯ ಊರುಗೋಲಿನ ಹಿಡಿಯಂತೆ ಬಾಗಿದ ಅದರ ತುದಿ, ಆ ತುದಿಯಲ್ಲಿ ತೂಗುವ ಗಂಟೆ, ಗಂಟೆಯ ಮೈಮೇಲೆ 1769 ಮತ್ತು 1906 ಎಂಬ ಎರಡು ಇಸವಿಗಳು. ಮೊದಲನೆಯದು ಮಿಷನ್‌ಗಳು ಆರಂಭವಾದ ವರ್ಷ, ಎರಡನೆಯದು ಈ ಗಂಟೆಗಳನ್ನು ನೆಡಲು ಶುರುಮಾಡಿದ ವರ್ಷ. ಇಂದಿನ ಜಗಳದ ಬೇರು ಎರಡನೆಯ ಇಸವಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಕನ್ನಡಿಗರಿಗೆ ಈ ರಸ್ತೆ ತೀರ ಅಪರಿಚಿತವೇನಲ್ಲ. ಸಾಂತಾ ಕ್ಲಾರಾ, ಸನ್ನಿವೇಲ್, ಮೌಂಟನ್ ವ್ಯೂ ಊರುಗಳ ನಡುವೆ ಹಾದುಹೋಗುವ ಎಲ್ ಕಮೀನೊ ರಿಯಾಲ್, ಅಂದರೆ ರಾಜಮಾರ್ಗ, ಅಲ್ಲಿ ನೆಲೆಸಿರುವ ನಮ್ಮವರಿಗೆ ದಿನಸಿ ಅಂಗಡಿಯ, ದೋಸೆ ಹೋಟೆಲಿನ, ಆಫೀಸಿನ ದಾರಿ. ಭಾರತೀಯ ಕುಟುಂಬಗಳು ಹೆಚ್ಚಾಗಿರುವ ಫ್ರೀಮಾಂಟ್‌ನಲ್ಲಿ ಒಂದು ಬಡಾವಣೆಗೇ ಮಿಷನ್ ಸಾನ್ ಹೊಸೆಯ ಹೆಸರಿದೆ. ಆ ಮನೆಗಳ ಮಕ್ಕಳು ನಾಲ್ಕನೆಯ ತರಗತಿಗೆ ಬಂದಾಗ ಮಿಷನ್‌ಗಳ ಪಾಠ ಓದುತ್ತಾರೆ. ಹೀಗಾಗಿ ಆ ಪಾಠದಲ್ಲಿ ಏನಿರಬೇಕು ಎಂಬ ಪ್ರಶ್ನೆ ಅವರದೂ ಹೌದು.

ಮಿಷನ್‌ಗಳ ಹಿಂದೆ ಧರ್ಮಶ್ರದ್ಧೆಯಷ್ಟೇ ರಾಜಕೀಯ ಲೆಕ್ಕಾಚಾರವೂ ಇತ್ತು. ಜೆಸ್ಯೂಟ್ ಪಾದ್ರಿಗಳು 1697ರಲ್ಲಿ ಲೊರೆಟೊದಲ್ಲಿ ಮೊದಲ ನೆಲೆ ಹೂಡಿ, ಇಂದು ಮೆಕ್ಸಿಕೋಗೆ ಸೇರಿದ ಬಾಹಾ ಕ್ಯಾಲಿಫೋರ್ನಿಯಾದ ಉದ್ದಕ್ಕೂ ಮಿಷನ್‌ಗಳನ್ನು ಕಟ್ಟಿದ್ದರು. 1767ರಲ್ಲಿ ಸ್ಪೇನಿನ ದೊರೆ ಜೆಸ್ಯೂಟರನ್ನು ತನ್ನ ಸಾಮ್ರಾಜ್ಯದಿಂದಲೇ ಹೊರಹಾಕಿದ. ಅವರ ಜಾಗಕ್ಕೆ ಫ್ರಾನ್ಸಿಸ್ಕನ್ ಪಾದ್ರಿಗಳು ಬಂದರು. ಅದೇ ಹೊತ್ತಿಗೆ ರಷ್ಯನ್ನರು ಅಲಾಸ್ಕಾದಿಂದ ಕೆಳಗಿಳಿದು ಪೆಸಿಫಿಕ್ ಕರಾವಳಿಯನ್ನು ಹಿಡಿದಾರೆಂಬ ಭಯ ಸ್ಪೇನಿಗೆ ಹತ್ತಿತ್ತು. ದೂರದ ಕರಾವಳಿಗೆ ವಲಸೆ ಹೋಗಲು ಸ್ಪ್ಯಾನಿಷ್ ಪ್ರಜೆಗಳು ಸಾಕಷ್ಟು ಇರಲಿಲ್ಲವಾದ್ದರಿಂದ, ಅಲ್ಲೇ ಇದ್ದ ಜನರನ್ನು ಕ್ರೈಸ್ತರನ್ನಾಗಿಸಿ, ಸ್ಪೇನಿನ ಪ್ರಜೆಗಳನ್ನಾಗಿಸಿ, ಅವರ ದುಡಿಮೆಯಿಂದಲೇ ವಸಾಹತನ್ನು ನಡೆಸುವುದು ಅಗ್ಗದ ಉಪಾಯವಾಗಿ ಕಂಡಿತು. ರಾಜನ ವಿಶೇಷ ಅಧಿಕಾರಿ ಹೊಸೆ ದೆ ಗಾಲ್ವೆಜ್ ಯೋಜನೆ ಹಾಕಿದ, ಗಾಸ್ಪರ್ ದೆ ಪೊರ್ತೊಲಾ ದಂಡಯಾತ್ರೆ ನಡೆಸಿದ, ಮಯೋರ್ಕಾ ದ್ವೀಪದ ಪೇತ್ರಾ ಎಂಬ ಊರಿನಲ್ಲಿ 1713ರಲ್ಲಿ ಹುಟ್ಟಿದ್ದ ಹುನಿಪೆರೊ ಸೆರ್ರಾ ಪಾದ್ರಿಗಳ ಮುಂದಾಳಾದ. 1769ರ ಜುಲೈ 16ರಂದು ಸಾನ್ ಡಿಯೇಗೊದಲ್ಲಿ ಮೊದಲ ಮಿಷನ್ ಸ್ಥಾಪನೆಯಾಯಿತು. ಸೆರ್ರಾ ಒಂಬತ್ತು ಮಿಷನ್‌ಗಳನ್ನು ಸ್ಥಾಪಿಸಿ 1784ರಲ್ಲಿ ಕಾರ್ಮೆಲ್‌ನಲ್ಲಿ ತೀರಿಕೊಂಡ. ಅವನ ನಂತರ ಬಂದ ಫೆರ್ಮಿನ್ ಲಾಸುಎನ್ ಇನ್ನೂ ಒಂಬತ್ತನ್ನು ಸೇರಿಸಿದ. 1823ರಲ್ಲಿ ಸೊನೋಮಾದಲ್ಲಿ ಇಪ್ಪತ್ತೊಂದನೆಯದು, ಕೊನೆಯದು, ಎದ್ದಿತು.

ಕಾನೂನಿನ ಪ್ರಕಾರ ಮಿಷನ್ ತಾತ್ಕಾಲಿಕ ಸಂಸ್ಥೆ. ಹತ್ತು ವರ್ಷಗಳ ಆಸುಪಾಸಿನಲ್ಲಿ ಮೂಲನಿವಾಸಿಗಳು "ತಯಾರಾದ" ಮೇಲೆ ಭೂಮಿಯನ್ನು ಅವರಿಗೇ ಬಿಟ್ಟುಕೊಟ್ಟು ಪಾದ್ರಿಗಳು ಮುಂದಿನ ಗಡಿಗೆ ಹೋಗಬೇಕೆಂಬುದು ಮೂಲ ಕಲ್ಪನೆ. ನಡೆದದ್ದೇ ಬೇರೆ. ದೀಕ್ಷಾಸ್ನಾನ ಪಡೆದವರು ಅನುಮತಿಯಿಲ್ಲದೆ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ. ತಮ್ಮ ಹಳ್ಳಿಗೆ ಹೋಗಿಬರಲು ವರ್ಷಕ್ಕೆ ಕೆಲವು ವಾರಗಳ ರಜೆ ಸಿಗುತ್ತಿತ್ತು. ಹೋದವರು ಮರಳಿ ಬಾರದಿದ್ದರೆ ಸೈನಿಕರು ಹುಡುಕಿಕೊಂಡು ಹೋಗುತ್ತಿದ್ದರು, ಹಿಡಿದು ತಂದವರಿಗೆ ಚಾಟಿಯೇಟು, ಕಾಲಿಗೆ ಕೋಳ. ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಒಂದು ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯಲಾಗುತ್ತಿತ್ತು. ಅವರ ಶೀಲವನ್ನು, ಅದರಲ್ಲೂ ಸೈನಿಕರಿಂದ, ಕಾಪಾಡಲು ಇದು ಅಗತ್ಯವೆಂಬುದು ಪಾದ್ರಿಗಳ ಸಮರ್ಥನೆಯಾಗಿತ್ತು. ಆದರೆ ಗಾಳಿ ಬೆಳಕು ಕಡಿಮೆಯಿದ್ದ, ಕಿಕ್ಕಿರಿದ ಆ ಕೋಣೆಗಳು ರೋಗದ ಗೂಡುಗಳಾದವು. ಉಳುಮೆ, ಹಸಿ ಇಟ್ಟಿಗೆ ತಯಾರಿ, ಚರ್ಮ ಹದಮಾಡುವುದು, ಉಣ್ಣೆ ನೇಯ್ಗೆ, ದನ ಮೇಯಿಸುವುದು ಎಲ್ಲವೂ ಗಂಟೆಯ ಸದ್ದಿಗೆ ಶುರುವಾಗಿ ಗಂಟೆಯ ಸದ್ದಿಗೆ ಮುಗಿಯುತ್ತಿದ್ದವು. 1786ರಲ್ಲಿ ಮಾಂಟೆರೇಗೆ ಹಡಗಿನಲ್ಲಿ ಬಂದಿಳಿದ ಫ್ರೆಂಚ್ ನಾವಿಕ ಲಾ ಪೆರೂಸ್ ಈ ವ್ಯವಸ್ಥೆಯನ್ನು ಕಂಡು, ಕೆರಿಬಿಯನ್ನಿನ ಗುಲಾಮರ ತೋಟಗಳು ನೆನಪಾಗುತ್ತವೆಂದು ಬರೆದಿಟ್ಟ. ಅವನು ಪಾದ್ರಿಗಳ ಶತ್ರುವೇನೂ ಆಗಿರಲಿಲ್ಲ. ಅವರ ವೈಯಕ್ತಿಕ ಸದ್ಗುಣವನ್ನು ಮೆಚ್ಚಿಯೇ ಈ ಮಾತು ಬರೆದನೆಂಬುದರಿಂದ ಅದಕ್ಕೆ ಹೆಚ್ಚಿನ ತೂಕವಿದೆ.

ಹಾಗಾದರೆ ಜನ ಮಿಷನ್‌ಗೆ ಬಂದದ್ದಾದರೂ ಏಕೆ? ಎಲ್ಲರನ್ನೂ ಕತ್ತಿಯ ಮೊನೆಯಲ್ಲೇ ಎಳೆದು ತರಲಿಲ್ಲ. ಹೊಸ ವಸ್ತುಗಳ ಕುತೂಹಲ, ಬಂಧುಗಳ ಸೆಳೆತ, ಊಟದ ಆಸೆ ಎಲ್ಲವೂ ಇದ್ದವು. ಇವುಗಳಿಗಿಂತ ಆಳವಾದ ಕಾರಣ ನೆಲದಲ್ಲಿತ್ತು. ಕರಾವಳಿಯ ಜನರ ಆಹಾರ ಓಕ್ ಮರದ ಕಾಯಿ, ಹುಲ್ಲುಬೀಜ, ಗೆಡ್ಡೆ, ಮೀನು ಮತ್ತು ಬೇಟೆ. ಹುಲ್ಲುಗಾವಲುಗಳಿಗೆ ಕಾಲಕಾಲಕ್ಕೆ ಹದವಾಗಿ ಬೆಂಕಿ ಕೊಟ್ಟು ಬೀಜದ ಬೆಳೆಯನ್ನು ಹೆಚ್ಚಿಸಿಕೊಳ್ಳುವ, ಪೊದೆಗಳು ದಟ್ಟೈಸದಂತೆ ನೋಡಿಕೊಳ್ಳುವ ವಿದ್ಯೆ ಅವರಲ್ಲಿತ್ತು. ಉಳುಮೆಯಿಲ್ಲದಿದ್ದರೂ ಅದೊಂದು ಬೇಸಾಯವೇ. ಸ್ಪ್ಯಾನಿಷರ ದನ, ಕುದುರೆ, ಕುರಿಗಳು ಈ ಬೀಜದ ಹುಲ್ಲನ್ನೇ ಮೇದವು, ಅವುಗಳ ಹಿಂದೆಯೇ ಯೂರೋಪಿನ ಕಳೆಗಳು ಹಬ್ಬಿದವು. 1793ರಲ್ಲಿ ಗವರ್ನರ್ ಅರ್ರಿಯಾಗಾ ಹುಲ್ಲಿಗೆ ಬೆಂಕಿ ಹಾಕುವುದನ್ನೇ ನಿಷೇಧಿಸಿದ. ಮೇವಿಗೆ ಹಾನಿಯೆಂಬುದು ಅವನ ಚಿಂತೆ. ಆ ಒಂದು ಆಜ್ಞೆಯಿಂದ ಜನರ ಕಣಜಕ್ಕೇ ಬೀಗ ಬಿದ್ದಿತು. ಮಿಷನ್ ಆಗಷ್ಟೇ ಹಾಳುಗೆಡವಿದ್ದ ಅನ್ನವನ್ನು ತನ್ನ ಅಂಗಳದಲ್ಲಿ ಗಂಜಿಯಾಗಿ ಬಡಿಸುತ್ತಿತ್ತು. 1794-95ರಲ್ಲಿ ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಹಳ್ಳಿಗಳು ಇಡಿಇಡಿಯಾಗಿ ಮಿಷನ್ ಡೊಲೊರೆಸ್‌ಗೆ ಬಂದು ಸೇರಿದವು. 1795ರಲ್ಲಿ ಅಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ 200ಕ್ಕೂ ಹೆಚ್ಚು ಮಂದಿ ತಪ್ಪಿಸಿಕೊಂಡು ಓಡಿದರು. ಬರುವುದನ್ನು ಅವರ ಇಚ್ಛೆಯೆಂದು ಕರೆಯುವವರು ಓಡಿಹೋದದ್ದನ್ನೂ ಇಚ್ಛೆಯೆಂದೇ ಲೆಕ್ಕಹಿಡಿಯಬೇಕಾಗುತ್ತದೆ.

ದಡಾರ, ರಕ್ತಭೇದಿ, ಸಿಫಿಲಿಸ್, ಕ್ಷಯ ಒಂದಾದ ಮೇಲೊಂದು ಬಂದವು. 1806ರ ದಡಾರವೊಂದೇ ಕೊಲ್ಲಿಯ ಸುತ್ತಲಿನ ಮಿಷನ್‌ಗಳಲ್ಲಿ ಮಕ್ಕಳ ಒಂದು ಪೀಳಿಗೆಯನ್ನೇ ಹೆಚ್ಚುಕಡಿಮೆ ಬರಿದುಮಾಡಿತು. 1820ರ ಸುಮಾರಿಗೆ ಮಿಷನ್‌ಗಳ ಒಟ್ಟು ಜನಸಂಖ್ಯೆ 21,000ದಷ್ಟಿತ್ತು. ಇದು ತೋರಿಕೆಯ ಏಳಿಗೆ. ಸಾವು ಹುಟ್ಟನ್ನು ಸದಾ ಮೀರಿಸುತ್ತಿದ್ದುದರಿಂದ ಒಳನಾಡಿನಿಂದ ಹೊಸಬರನ್ನು ತರುತ್ತ ಹೋದರಷ್ಟೇ ಆ ಸಂಖ್ಯೆ ನಿಲ್ಲುತ್ತಿತ್ತು. ಈ ಲೆಕ್ಕಗಳನ್ನು ನಾವು ಇಷ್ಟು ಖಚಿತವಾಗಿ ಹೇಳಬಲ್ಲೆವೆಂದರೆ ಅದಕ್ಕೆ ಪಾದ್ರಿಗಳೇ ಕಾರಣ. ಪ್ರತಿ ದೀಕ್ಷಾಸ್ನಾನ, ಮದುವೆ, ಸಾವನ್ನು ಅವರು ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿ ಬರೆದರು. ಒಂದೊಂದು ನಮೂದಿನಲ್ಲಿ ದಿನಾಂಕ, ಹೊಸದಾಗಿ ಇಟ್ಟ ಸ್ಪ್ಯಾನಿಷ್ ಹೆಸರು, ಅಂದಾಜು ವಯಸ್ಸು, ಅನೇಕ ಕಡೆ ತಂದೆತಾಯಿಯ ಹೆಸರು ಮತ್ತು ಹುಟ್ಟಿದ ಹಳ್ಳಿಯ ಹೆಸರು ಸಿಗುತ್ತವೆ. ಹಂಟಿಂಗ್ಟನ್ ಗ್ರಂಥಾಲಯ ಈ ಪುಸ್ತಕಗಳನ್ನೆಲ್ಲ 2006ರಲ್ಲಿ ಒಂದು ದತ್ತಾಂಶ ಸಂಗ್ರಹವಾಗಿ ತೆರೆದಿಟ್ಟಿತು. ವಸಾಹತುಗಾರರೂ ಸೇರಿ 1850ರವರೆಗಿನ ಒಂದು ಲಕ್ಷಕ್ಕೂ ಹೆಚ್ಚು ದೀಕ್ಷಾಸ್ನಾನಗಳು, ಸುಮಾರು 71,000 ಶವಸಂಸ್ಕಾರಗಳು ಅದರಲ್ಲಿವೆ. ಸಾನ್ ಫ್ರಾನ್ಸಿಸ್ಕೊದ ಮಿಷನ್ ಡೊಲೊರೆಸ್ ಒಂದರಲ್ಲೇ ಸುಮಾರು 5,000 ಮೂಲನಿವಾಸಿಗಳನ್ನು ಹೂಳಲಾಗಿದೆ.

ಜನ ಇದನ್ನೆಲ್ಲ ಸುಮ್ಮನೆ ಸಹಿಸಿಕೊಂಡಿರಲಿಲ್ಲ. ಮೊದಲ ಮಿಷನ್ ಎದ್ದ ಆರೇ ವರ್ಷಕ್ಕೆ, 1775ರ ನವೆಂಬರ್‌ನಲ್ಲಿ, ಕುಮಿಯಾಯ್ ಜನ ಸಾನ್ ಡಿಯೇಗೊ ಮಿಷನ್‌ಗೆ ಬೆಂಕಿಯಿಟ್ಟು ಪಾದ್ರಿ ಲೂಯಿಸ್ ಹೈಮೆಯನ್ನು ಕೊಂದರು. 1785ರಲ್ಲಿ ಸಾನ್ ಗೇಬ್ರಿಯಲ್‌ನಲ್ಲಿ ಬಯಲಾದ ಸಂಚು ಇನ್ನೂ ಸೂಕ್ಷ್ಮವಾದದ್ದು. ಅದನ್ನು ಮೊದಲು ಯೋಚಿಸಿದವನು ನಿಕೊಲಾಸ್ ಹೊಸೆ. ದೀಕ್ಷೆ ಪಡೆದು ವರ್ಷಗಳಾಗಿದ್ದ, ಮಿಷನ್ ಒಳಗೆ ಹುದ್ದೆಯನ್ನೂ ಕಂಡಿದ್ದ ಮನುಷ್ಯ. ವಿಚಾರಣೆಯಲ್ಲಿ ಅವನು ಕೊಟ್ಟ ಕಾರಣ ಒಂದೇ: ತಮ್ಮ ನೃತ್ಯಗಳನ್ನು ಮಾಡಗೊಡುತ್ತಿರಲಿಲ್ಲ. ಸತ್ತವರಿಗಾಗಿ ನಡೆಸಬೇಕಾದ ಆಚರಣೆಗಳು ಆ ನೃತ್ಯಗಳಲ್ಲಿ ಮುಖ್ಯವಾಗಿದ್ದವು. ಸಾವು ಅಷ್ಟೊಂದು ಹೆಚ್ಚಿದ್ದ ಜಾಗದಲ್ಲಿ ಸತ್ತವರನ್ನು ತಮ್ಮ ರೀತಿಯಲ್ಲಿ ಕಳುಹಿಸಿಕೊಡುವ ಹಕ್ಕನ್ನೂ ಕಿತ್ತುಕೊಂಡರೆ ಮನುಷ್ಯನಿಗೆ ಏನು ಉಳಿಯುತ್ತದೆ? ಅವನು ನೆರವು ಕೇಳಿದ್ದು ತೊಯ್ಪುರಿನಾ ಎಂಬ, ಇಪ್ಪತ್ತೈದರ ಆಸುಪಾಸಿನ ತೊಂಗ್ವಾ ಹೆಂಗಸನ್ನು. ಆಕೆ ದೀಕ್ಷೆ ಪಡೆದವಳಲ್ಲ, ತನ್ನ ಜನರಲ್ಲಿ ಮಂತ್ರಶಕ್ತಿಯುಳ್ಳವಳೆಂದು ಹೆಸರಾದವಳು. ಸಂಚು ಮೊದಲೇ ಸೋರಿಹೋಗಿ ಇಬ್ಬರೂ ಸಿಕ್ಕಿಬಿದ್ದರು. ಸೆರೆಯಲ್ಲಿದ್ದಾಗಲೇ ತೊಯ್ಪುರಿನಾ ದೀಕ್ಷೆ ಪಡೆದು ರೆಹಿನಾ ಹೊಸೆಫಾ ಆದಳು, ಉತ್ತರದ ಮಿಷನ್‌ಗೆ ಗಡೀಪಾರಾದಳು, ಸೈನಿಕನೊಬ್ಬನನ್ನು ಮದುವೆಯಾದಳು, 1799ರಲ್ಲಿ ಸಾನ್ ಹುವಾನ್ ಬಾಟಿಸ್ಟಾದಲ್ಲಿ ತೀರಿಕೊಂಡಳು. ಆಕೆಯ ಈ ಉತ್ತರಾರ್ಧ ವೀರಗಾಥೆಯ ಅಚ್ಚಿಗೆ ಹೊಂದುವುದಿಲ್ಲವೆಂದು ಕೆಲವರು ಅದನ್ನು ಬಿಟ್ಟುಬಿಡುತ್ತಾರೆ. ಬದುಕಿ ಉಳಿಯುವುದಕ್ಕೆ ಎಷ್ಟು ಬೆಲೆ ತೆರಬೇಕಾಯಿತು ಎಂಬುದು ಆ ಭಾಗದಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಂದು ನನಗನ್ನಿಸುತ್ತದೆ. ಮುಂದೆ 1812ರಲ್ಲಿ ಸಾಂತಾ ಕ್ರೂಜ್‌ನ ಪಾದ್ರಿ ಕಿಂತಾನಾನ ಕೊಲೆಯಾಯಿತು. 1824ರಲ್ಲಿ ಚುಮಾಶ್ ಜನ ಸಾಂತಾ ಇನೆಸ್, ಲಾ ಪುರಿಸಿಮಾ ಮತ್ತು ಸಾಂತಾ ಬಾರ್ಬರಾ ಮಿಷನ್‌ಗಳಲ್ಲಿ ಒಟ್ಟಿಗೆ ದಂಗೆಯೆದ್ದರು.

ಸೆರ್ರಾನ ಬಗ್ಗೆ ನ್ಯಾಯವಾಗಿ ಮಾತನಾಡುವುದು ಕಷ್ಟ, ಆದರೆ ಮಾತನಾಡಲೇಬೇಕು. 1773ರಲ್ಲಿ ಅವನು ಅನಾರೋಗ್ಯವನ್ನೂ ಲೆಕ್ಕಿಸದೆ ಮೆಕ್ಸಿಕೋ ನಗರಕ್ಕೆ ಹೋಗಿ, ಸೈನಿಕರ ಅತ್ಯಾಚಾರಗಳಿಗೆ ಕಡಿವಾಣ ಬೇಕೆಂದು ವೈಸ್‌ರಾಯ್ ಬುಕರೆಲಿಗೆ 32 ಅಂಶಗಳ ಮನವಿ ಸಲ್ಲಿಸಿದ. ಸಾನ್ ಡಿಯೇಗೊ ದಂಗೆಯ ನಂತರ ಪಾದ್ರಿಯನ್ನು ಕೊಂದವರಿಗೂ ಮರಣದಂಡನೆ ಬೇಡವೆಂದು ಬರೆದ. ಇವನ್ನು ಅಲ್ಲಗಳೆಯುವಂತಿಲ್ಲ. ಆದರೆ ತಂದೆ ಮಕ್ಕಳನ್ನು ದಂಡಿಸುವಂತೆ ಪಾದ್ರಿಗಳು ಮೂಲನಿವಾಸಿಗಳಿಗೆ ಚಾಟಿಯೇಟು ಕೊಡುವುದು ಅಮೆರಿಕ ಖಂಡದಲ್ಲಿ ನಡೆದುಬಂದ ಪದ್ಧತಿಯೆಂದು ಸಮರ್ಥಿಸಿದವನೂ ಅವನೇ. ಅವನ ಕಾಲದ ಮಾನದಂಡವೇ ಹಾಗಿತ್ತು ಎಂಬ ವಾದ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ಅದೇ ಕಾಲದ ಗವರ್ನರ್ ಫೆಲಿಪೆ ದೆ ನೆವೆ, ಮಿಷನ್‌ನ ಜನರು ತಮ್ಮಲ್ಲೇ ಅಧಿಕಾರಿಗಳನ್ನು ಆರಿಸಿಕೊಳ್ಳಲಿ ಎಂದು 1779ರಲ್ಲಿ ಒತ್ತಾಯಿಸಿ ಸೆರ್ರಾನೊಂದಿಗೆ ಜಗಳಕ್ಕೇ ನಿಂತಿದ್ದ. 2015ರ ಜುಲೈನಲ್ಲಿ ಬೊಲಿವಿಯಾದಲ್ಲಿ ಪೋಪ್ ಫ್ರಾನ್ಸಿಸ್ ಅಮೆರಿಕ ಖಂಡಗಳ ಮೂಲನಿವಾಸಿಗಳ ಮೇಲೆ ಚರ್ಚ್ ಎಸಗಿದ ತಪ್ಪುಗಳಿಗೆ ಕ್ಷಮೆ ಕೇಳಿದರು. ಅದೇ ವರ್ಷದ ಸೆಪ್ಟೆಂಬರ್ 23ರಂದು ವಾಷಿಂಗ್ಟನ್‌ನಲ್ಲಿ ಸೆರ್ರಾಗೆ ಸಂತ ಪದವಿ ನೀಡಿದರು. ಎರಡನ್ನೂ ಒಬ್ಬರೇ, ಮೂರು ತಿಂಗಳೊಳಗೆ ಮಾಡಿದ್ದು ಅನೇಕ ಬುಡಕಟ್ಟುಗಳಿಗೆ ನೋವುಂಟುಮಾಡಿತು. ಕೊಲ್ಲಿ ಪ್ರದೇಶದ ಓಲೋನಿ ಬುಡಕಟ್ಟು ಮೂಲದ ಕೆಲವು ಕ್ಯಾಥೋಲಿಕರು ಮಾತ್ರ ಸಂತೋಷಪಟ್ಟರು ಎಂಬುದನ್ನೂ ಹೇಳಬೇಕು, ಅವರ ಪಾಲಿಗೆ ಆ ಧರ್ಮ ಈಗ ಅಜ್ಜಅಜ್ಜಿಯರಿಂದ ಬಂದ ಸ್ವಂತದ್ದು.

1821ರಲ್ಲಿ ಮೆಕ್ಸಿಕೋ ಸ್ವತಂತ್ರವಾಯಿತು. 1833ರ ಕಾನೂನು, 1834ರ ಗವರ್ನರ್ ಫಿಗೆರೋವಾನ ಆದೇಶ ಮಿಷನ್‌ಗಳನ್ನು ಪಾದ್ರಿಗಳ ಕೈಯಿಂದ ಬಿಡಿಸಿದವು. ಆಸ್ತಿಯ ಅರ್ಧ ಭಾಗ ಮೂಲನಿವಾಸಿಗಳಿಗೆ ಸೇರಬೇಕೆಂದಿತ್ತು. ಆದರೆ ಲಕ್ಷಕ್ಕೂ ಮೀರಿದ ದನಕರುಗಳು ಮತ್ತು ಕರಾವಳಿಯ ಅತ್ಯುತ್ತಮ ಜಮೀನು ಕೆಲವೇ ವರ್ಷಗಳಲ್ಲಿ ಪ್ರಭಾವಿ ಕುಟುಂಬಗಳ ಪಾಲಾದವು. ಅದನ್ನು ದುಡಿದು ಬೆಳೆಸಿದವರು ಅದೇ ಜಮೀನಿನಲ್ಲಿ ಆಳುಗಳಾದರು. 1848ರ ನಂತರ ಬಂದ ಅಮೆರಿಕನ್ನರ ಆಳ್ವಿಕೆ ಇನ್ನೂ ಕ್ರೂರ. ಮೂಲನಿವಾಸಿ ಮಕ್ಕಳನ್ನು ಜೀತಕ್ಕಿಟ್ಟುಕೊಳ್ಳಲು ಅವಕಾಶ ಕೊಟ್ಟ 1850ರ ರಾಜ್ಯ ಕಾನೂನು, ಸರ್ಕಾರಿ ಹಣದಲ್ಲಿ ನಡೆದ ಹತ್ಯಾಕಾಂಡಗಳು ಉಳಿದವರನ್ನೂ ಚದುರಿಸಿದವು. 1769ರಲ್ಲಿ ಮೂರು ಲಕ್ಷದಷ್ಟಿದ್ದಿರಬಹುದಾದ ಇಡೀ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು 1846ರ ವೇಳೆಗೆ ಒಂದೂವರೆ ಲಕ್ಷಕ್ಕೆ, 1870ರ ವೇಳೆಗೆ ಸುಮಾರು 30,000ಕ್ಕೆ ಇಳಿದರೆಂಬುದು ವಿದ್ವಾಂಸರ ಅಂದಾಜು. 2019ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ರಾಜ್ಯದ ಪರವಾಗಿ ಕ್ಷಮೆ ಕೇಳುವಾಗ ಇದನ್ನು ನರಮೇಧವೆಂದೇ ಕರೆದರು.

ಈಗ ಎರಡನೆಯ ಇಸವಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆಚ್ಚಿನ ಮಿಷನ್‌ಗಳು ಹೆಂಚು ಬಿದ್ದು, ಗೋಡೆ ಕರಗಿ ಪಾಳುಬಿದ್ದಿದ್ದವು. ರೈಲು ಹಿಡಿದು ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿಯುತ್ತಿದ್ದ ಹೊಸ ಜನರಿಗೆ, ಅವರಿಗೆ ನಿವೇಶನ ಮಾರುತ್ತಿದ್ದವರಿಗೆ, ಒಂದು ಸುಂದರವಾದ ಹಳೆಯ ಕಾಲ ಬೇಕಾಗಿತ್ತು. 1884ರಲ್ಲಿ ಬಂದ ಒಂದು ಜನಪ್ರಿಯ ಕಾದಂಬರಿ, ಮೂಲನಿವಾಸಿಗಳ ಸಂಕಟ ತೋರಿಸಲೆಂದೇ ಬರೆದದ್ದಾದರೂ, ಓದುಗರ ಮನಸ್ಸಿನಲ್ಲಿ ಮಿಷನ್ ಕಾಲದ ಸೊಬಗನ್ನೇ ಉಳಿಸಿತು. ಪತ್ರಕರ್ತ ಚಾರ್ಲ್ಸ್ ಲಮ್ಮಿಸ್ ಕಟ್ಟಡಗಳ ದುರಸ್ತಿಗೆ ಸಂಘ ಕಟ್ಟಿದ. ಆ ಕೆಲಸವಿಲ್ಲದಿದ್ದರೆ ಹಲವು ಮಿಷನ್‌ಗಳು ಇಂದು ಮಣ್ಣಾಗಿರುತ್ತಿದ್ದವು. ಮಹಿಳಾ ಸಂಘಗಳು ಹಳೆಯ ರಾಜಮಾರ್ಗವನ್ನು ಗುರುತಿಸಬೇಕೆಂದು ಚಳವಳಿ ಹೂಡಿದವು. ಹ್ಯಾರೀ ಫೋರ್ಬ್ಸ್ ಎಂಬ ಮಹಿಳೆ ರೂಪಿಸಿದ ಗಂಟೆ 1906ರಲ್ಲಿ ಲಾಸ್ ಏಂಜಲಿಸ್‌ನ ಹಳೆಯ ಚರ್ಚಿನ ಮುಂದೆ ಮೊದಲ ಬಾರಿಗೆ ನಿಂತಿತು. ಮೋಟಾರು ಕಾರು ಆಗಷ್ಟೇ ಬರುತ್ತಿದ್ದ ಕಾಲ ಅದು. ಒಳ್ಳೆಯ ರಸ್ತೆ ಬೇಕೆಂಬ ಕಾರು ಮಾಲೀಕರ ಬೇಡಿಕೆಗೂ ಪವಿತ್ರ ಯಾತ್ರೆಯ ಕಲ್ಪನೆಗೂ ಚೆನ್ನಾಗಿ ಹೊಂದಿಕೆಯಾಯಿತು, ಗಂಟೆಯೇ ದಾರಿಫಲಕವಾಯಿತು.

ಮಿಷನ್‌ಗಳು ಒಂದೊಂದು ದಿನದ ನಡಿಗೆಯ ಅಂತರದಲ್ಲಿ ಇದ್ದವು, ಪಾದ್ರಿಗಳು ಸಾಸಿವೆ ಚೆಲ್ಲುತ್ತ ನಡೆದ ದಾರಿ ಹಳದಿ ಹೂವಿನಿಂದ ಗುರುತು ಸಿಗುತ್ತಿತ್ತು ಎಂಬ ಕಥೆಗಳು ಹರಡಿದ್ದು ಇಂಥ ಪ್ರಚಾರದ ಜೊತೆಯಲ್ಲೇ. ಸೆರ್ರಾ ಸತ್ತಾಗ 900ಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ದಾರಿಯಲ್ಲಿ ಇದ್ದದ್ದು ಒಂಬತ್ತೇ ಮಿಷನ್‌ಗಳು ಎಂಬ ಸರಳ ಲೆಕ್ಕ ಮೊದಲ ಕಥೆಯನ್ನು ಸುಳ್ಳಾಗಿಸುತ್ತದೆ. ಸ್ಪ್ಯಾನಿಷರ ಕಾಲದಲ್ಲಿ ಆ ರಸ್ತೆ ಮಳೆ, ಹೊಳೆ, ಉಬ್ಬರವಿಳಿತಗಳನ್ನು ನೋಡಿಕೊಂಡು ಜಾಗ ಬದಲಿಸುತ್ತಿದ್ದ ಹಲವು ಕಾಲುದಾರಿಗಳ ಗೊಂಚಲು. ಅವುಗಳಲ್ಲಿ ಅನೇಕವು ಸ್ಪ್ಯಾನಿಷರು ಬರುವ ಮೊದಲೇ ಮೂಲನಿವಾಸಿಗಳು ವ್ಯಾಪಾರಕ್ಕೆ ಬಳಸುತ್ತಿದ್ದ ಹಾದಿಗಳು. ರಾಜ್ಯದ ಸಾರಿಗೆ ಇಲಾಖೆ ಈ ಶತಮಾನದಲ್ಲೂ 500ಕ್ಕೂ ಹೆಚ್ಚು ಗಂಟೆಗಳನ್ನು ಹೊಸದಾಗಿ ನೆಟ್ಟಿದ್ದರಿಂದ, ಸುಮ್ಮನೆ ನೋಡುವವರಿಗೆ ಅವು ಇನ್ನೂರೈವತ್ತು ವರ್ಷಗಳಿಂದ ಅಲ್ಲೇ ಇದ್ದಂತೆ ಕಾಣುತ್ತವೆ.

ಈ ಸೊಗಸಾದ ನೆನಪು ಶಾಲೆಗೂ ಹೊಕ್ಕಿತು. ಸಕ್ಕರೆ ಅಚ್ಚುಗಳಿಂದ, ಐಸ್‌ಕ್ಯಾಂಡಿ ಕಡ್ಡಿಗಳಿಂದ ಮಿಷನ್‌ನ ಮಾದರಿ ಕಟ್ಟುವುದು ಹಲವು ಪೀಳಿಗೆಯ ನಾಲ್ಕನೆಯ ತರಗತಿಯ ಮಕ್ಕಳಿಗೆ, ಅವರ ತಂದೆತಾಯಿಗೂ, ಒಂದು ವಾರಾಂತ್ಯದ ಕೆಲಸವಾಯಿತು. ಆ ಮಾದರಿಯಲ್ಲಿ ಕಮಾನು, ಕಾರಂಜಿ, ಗಂಟೆಗೋಪುರ ಇರುತ್ತಿದ್ದವು. ಬೀಗ ಹಾಕಿದ ಕೋಣೆಯಾಗಲಿ ಸ್ಮಶಾನವಾಗಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. 2016ರಲ್ಲಿ ಅಂಗೀಕಾರವಾದ ರಾಜ್ಯದ ಪಠ್ಯಕ್ರಮ ಮಾರ್ಗಸೂಚಿ, ಇಂಥ ಮಾದರಿಗಳಿಂದ ಮಕ್ಕಳಿಗೆ ಆ ಕಾಲದ ಬದುಕು ಅರ್ಥವಾಗುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಇದು ಪ್ರತಿಮೆ ಉರುಳಿಸುವುದಕ್ಕಿಂತ ದೊಡ್ಡ ಬದಲಾವಣೆ ಎಂದು ನಾನು ತಿಳಿಯುತ್ತೇನೆ. ಪ್ರತಿಮೆಗಳೇನೋ 2020ರಲ್ಲಿ ಸಾಲುಸಾಲಾಗಿ ಉರುಳಿದವು. ಜೂನ್ 19ರಂದು ಸಾನ್ ಫ್ರಾನ್ಸಿಸ್ಕೊದಲ್ಲಿ, ಮರುದಿನ ಲಾಸ್ ಏಂಜಲಿಸ್‌ನಲ್ಲಿ, ಜುಲೈ 4ರಂದು ಸ್ಯಾಕ್ರಮೆಂಟೊದ ಶಾಸನಸಭೆಯ ಆವರಣದಲ್ಲಿ ಸೆರ್ರಾನ ಪ್ರತಿಮೆಗಳನ್ನು ಜನ ಹಗ್ಗ ಹಾಕಿ ಎಳೆದರು. ಸ್ಯಾಕ್ರಮೆಂಟೊದಲ್ಲಿ 2021ರ ಕಾನೂನಿನ ಪ್ರಕಾರ ಅಲ್ಲಿನ ಮೂಲನಿವಾಸಿಗಳ ಗೌರವಾರ್ಥ ಸ್ಮಾರಕ ಸಿದ್ಧವಾಗಿ, 2023ರಲ್ಲಿ ಮಿವೊಕ್ ನಾಯಕರೊಬ್ಬರ ಪ್ರತಿಮೆ ಅನಾವರಣಗೊಂಡಿತು.

ಈ ಗಂಟೆಗಳನ್ನು ನೆಟ್ಟ ಕಾಲ ಮಾಡಿದ ಹೆಚ್ಚಿನ ಹಾನಿ ಕಾನೂನಿನ ಕಡತಗಳಲ್ಲಿದೆ. ಅಮೆರಿಕದ ಅಧಿಕಾರಿಗಳು 1851-52ರಲ್ಲಿ ಕ್ಯಾಲಿಫೋರ್ನಿಯಾದ ಬುಡಕಟ್ಟುಗಳೊಂದಿಗೆ 18 ಒಪ್ಪಂದಗಳನ್ನು ಮಾಡಿಕೊಂಡಿದ್ದರು. ಸೆನೆಟ್ ಅವನ್ನು ತಿರಸ್ಕರಿಸಿ ಗುಟ್ಟಾಗಿಟ್ಟಿತು, 1905ರವರೆಗೆ ಅವು ಹೊರಬರಲಿಲ್ಲ. ದಕ್ಷಿಣದ ಕೆಲವರನ್ನು ಬಿಟ್ಟರೆ ಕರಾವಳಿಯ ಮಿಷನ್ ಜನ ಆ ಒಪ್ಪಂದಗಳಲ್ಲೂ ಇರಲಿಲ್ಲ. ಇಂದು ಕೇಂದ್ರ ಸರ್ಕಾರದ ಮಾನ್ಯತೆ ಬೇಡುವ ಬುಡಕಟ್ಟು, 1900ರಿಂದ ಈಚೆಗೆ ಹೊರಗಿನವರು ತನ್ನನ್ನು ಮೂಲನಿವಾಸಿ ಸಮುದಾಯವೆಂದು ಗುರುತಿಸುತ್ತ ಬಂದಿದ್ದಾರೆಂದು ಪುರಾವೆ ಕೊಡಬೇಕು. ಸರಿಯಾಗಿ ಅದೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಪತ್ರಿಕೆಗಳು, ಪ್ರವಾಸಿ ಕೈಪಿಡಿಗಳು, ಉತ್ಸವಗಳು ಈ ಜನರನ್ನು ಅಳಿದುಹೋದವರೆಂದು ವರ್ಣಿಸುತ್ತಿದ್ದವು. ಕಂಡರೂ ಮೆಕ್ಸಿಕನ್ನರೆಂದು ಬರೆದುಕೊಳ್ಳುತ್ತಿದ್ದವು. ತಮ್ಮನ್ನು ಯಾರೂ ನೋಡಲೊಪ್ಪದ ಕಾಲದಲ್ಲಿ ತಮ್ಮನ್ನು ನೋಡಿದವರ ಸಾಕ್ಷ್ಯವನ್ನು ಅವರಿಂದ ಕೇಳಲಾಗುತ್ತಿದೆ. ಸಾನ್ ಹುವಾನ್ ಕ್ಯಾಪಿಸ್ಟ್ರಾನೊದ ಹುವಾನೆನ್ಯೊ ಜನರ ಅರ್ಜಿಗಳು 2011ರಲ್ಲಿ ತಿರಸ್ಕೃತವಾದವು. ಅಮಾ ಮುತ್ಸುನ್ ಮತ್ತು ಕೊಲ್ಲಿ ಪ್ರದೇಶದ ಮುವೆಕ್ಮಾ ಓಲೋನಿ ಜನರಿಗೂ ಮಾನ್ಯತೆ ಸಿಕ್ಕಿಲ್ಲ. ಮಾನ್ಯತೆಯಿಲ್ಲದೆ ಮೀಸಲು ಭೂಮಿ ಇಲ್ಲ, ಕೇಂದ್ರದ ಬುಡಕಟ್ಟು ಆರೋಗ್ಯ ಸೇವೆಯ ಹಕ್ಕಿಲ್ಲ, ಪೂರ್ವಜರ ಅಸ್ಥಿಗಳು ಸಿಕ್ಕಾಗ ಸಮಾನವಾಗಿ ಕೂತು ಮಾತನಾಡುವ ಅಧಿಕಾರವೂ ಕಡಿಮೆ.

ಅವರ ಕೈಯಲ್ಲಿರುವ ಬಲವಾದ ದಾಖಲೆ ಪಾದ್ರಿಗಳ ಆ ಪುಸ್ತಕಗಳೇ. ದೀಕ್ಷಾಸ್ನಾನದ ಒಂದೊಂದು ಸಾಲನ್ನು ಹಿಡಿದು ಮುತ್ತಜ್ಜಿಯ ಹಳ್ಳಿಯನ್ನು ಗುರುತಿಸಿ, ವಂಶಾವಳಿ ಕಟ್ಟಿ, ಆ ಹಳ್ಳಿಯಿದ್ದ ನೆಲವನ್ನು ಕೇಳುವ ಕೆಲಸ ನಡೆಯುತ್ತಿದೆ. 2020ರಲ್ಲಿ ಮಾಂಟೆರೇ ಜಿಲ್ಲೆಯ ಎಸ್ಸೆಲೆನ್ ಬುಡಕಟ್ಟು, ಕೇಂದ್ರದ ಮಾನ್ಯತೆ ಇಲ್ಲದೆಯೇ, ರಾಜ್ಯದ ಅನುದಾನದ ನೆರವಿನಿಂದ ಬಿಗ್ ಸರ್ ಬಳಿಯ ಸುಮಾರು 1,200 ಎಕರೆಯನ್ನು ಮರಳಿ ಪಡೆಯಿತು. ಅವರ ಪೂರ್ವಜರನ್ನು ಕಾರ್ಮೆಲ್, ಸೊಲೆಡಾಡ್, ಸಾನ್ ಆಂಟೊನಿಯೊ ಮಿಷನ್‌ಗಳಿಗೆ ಒಯ್ದು ಆಗಲೇ ಎರಡು ಶತಮಾನ ಮೀರಿತ್ತು. ಅಮಾ ಮುತ್ಸುನ್ ಜನ ತಮ್ಮದೇ ಭೂ ಟ್ರಸ್ಟ್ ಮಾಡಿಕೊಂಡು, ಕರಾವಳಿಯ ಉದ್ಯಾನಗಳಲ್ಲಿ ಹಳೆಯ ಹುಲ್ಲುಗಾವಲನ್ನು ಮರಳಿ ಎಬ್ಬಿಸುವ ಕೆಲಸದಲ್ಲಿದ್ದಾರೆ. ಕಾಳ್ಗಿಚ್ಚುಗಳಿಂದ ತತ್ತರಿಸಿದ ರಾಜ್ಯ, ಬುಡಕಟ್ಟುಗಳು ಸಾಂಪ್ರದಾಯಿಕವಾಗಿ ನೆಲಕ್ಕೆ ಬೆಂಕಿ ಕೊಡುವುದಕ್ಕೆ ಅಡ್ಡಿಯಾಗಿದ್ದ ಪರವಾನಗಿ ನಿಯಮಗಳನ್ನು 2024ರ ಕಾನೂನಿನಲ್ಲಿ ಸಡಿಲಿಸಿತು. ಆದರೆ ಆ ಕಾನೂನು ಕೊಡುವ ಸ್ವಾತಂತ್ರ್ಯದ ದೊಡ್ಡ ಪಾಲು ಕೇಂದ್ರದ ಮಾನ್ಯತೆ ಇರುವ ಬುಡಕಟ್ಟುಗಳಿಗೆ ಮೀಸಲು. ಮಿಷನ್‌ಗಳ ನಡುವೆಯೇ ಹುಟ್ಟಿ ಬೆಳೆದ ಸಮುದಾಯಗಳ ಅರ್ಜಿಗಳು ಇನ್ನೂ ಕಡತಗಳಲ್ಲಿ, ಕೋರ್ಟುಗಳಲ್ಲಿ ಅಲೆಯುತ್ತಿವೆ.